ಮಳೆಗಾಲದಲ್ಲಿ ಪ್ಲಾಸ್ಮಾ ಟಿಪ್ ಯಾಕೆ ತಾಳುವುದಿಲ್ಲ?

ಪ್ರಶ್ನೆ: ಹಾವೇರಿ ಹತ್ತಿರ ನಮ್ಮದೊಂದು ಸಣ್ಣ ಫ್ಯಾಬ್ರಿಕೇಷನ್ ಶೆಡ್ ಇದೆ. ಟ್ರೇಲರ್, ಕುಂಟೆ, ಕೂರಿಗೆ, ಗೇಟು ಮಾಡುತ್ತೇವೆ. ಹುಬ್ಬಳ್ಳಿಯಿಂದ 60 ಆಂಪಿಯರ್‌ನ ಏರ್ ಪ್ಲಾಸ್ಮಾ ಕಟಿಂಗ್ ಮಷಿನ್ ತಂದಿದ್ದೇವೆ. ಕಂಪ್ರೆಸರ್ 3 ಎಚ್‌ಪಿ. ಅದರ ಬಾಯಿಗೇ ಗಾಜಿನ ಬಟ್ಟಲಿನ ಫಿಲ್ಟರ್ ಹಾಕಿ, ಅಲ್ಲಿಂದ 20 ಮೀಟರ್ ಪೈಪಿನಲ್ಲಿ ಮಷಿನ್‌ಗೆ ಗಾಳಿ ಕೊಟ್ಟಿದ್ದೇವೆ. ಬೇಸಿಗೆಯಲ್ಲಿ ಒಂದು ಟಿಪ್ (ಪ್ಲಾಸ್ಮಾ ಹೊರಬರುವ ತೂತಿರುವ ತಾಮ್ರದ ಮೂತಿ) ನಾಲ್ಕೈದು ದಿನ ಬರುತ್ತಿತ್ತು. ಮಳೆ ಹಿಡಿದ ಮೇಲೆ ದಿನಕ್ಕೆ ಎರಡು ಹೋಗುತ್ತಿವೆ, ಕಟಿಂಗೂ ಓರೆಯಾಗುತ್ತಿದೆ. ಮೆಕ್ಯಾನಿಕ್ ಮಷಿನ್ ಒಳಗಿನ ಸರ್ಕ್ಯೂಟ್ ಬೋರ್ಡ್ ಬದಲಿಸಬೇಕು ಅನ್ನುತ್ತಾರೆ. ಪಿಯುಸಿ ಓದುವ ಮಗ, ‘ಪ್ಲಾಸ್ಮಾ ಅಂದರೆ ವಸ್ತುವಿನ ನಾಲ್ಕನೇ ಸ್ಥಿತಿ, 20 ಸಾವಿರ ಡಿಗ್ರಿ ಇರುತ್ತದೆ’ ಅಂತಾನೆ. ಹಾಗಿದ್ದರೆ ತಾಮ್ರದ ಟಿಪ್ ಮೊದಲ ಕ್ಷಣಕ್ಕೇ ಕರಗಬೇಕಲ್ಲ? ಬೇಸಿಗೆಯಲ್ಲಿ ಕರಗದ್ದು ಮಳೆಗಾಲದಲ್ಲಿ ಯಾಕೆ ಕರಗುತ್ತದೆ?

ಉತ್ತರ: ಬೋರ್ಡಿಗೆ ಈಗಲೇ ದುಡ್ಡು ಸುರಿಯಬೇಡಿ. ನೀವು ಹೇಳಿದ ಲಕ್ಷಣಗಳೆಲ್ಲ ಗಾಳಿಯ ಕಡೆಗೇ ಬೆರಳು ಮಾಡುತ್ತವೆ. ಅದರಲ್ಲೂ ಫಿಲ್ಟರ್ ಕೂಡಿಸಿದ ಜಾಗ. ಆದರೆ ನೀವು ಕೊನೆಗೆ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಗಾಳಿ ಸಾಮಾನ್ಯವಾಗಿ ವಿದ್ಯುತ್ತನ್ನು ಹರಿಯಲು ಬಿಡುವುದಿಲ್ಲ. ಅದರ ಪರಮಾಣುಗಳು ತಮ್ಮ ಎಲೆಕ್ಟ್ರಾನುಗಳನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಕಾಯಿಸುತ್ತ ಹೋದರೆ ಮೊದಲು ಅಣುಗಳು ಒಡೆಯುತ್ತವೆ. ಆಕ್ಸಿಜನ್ ಬೇಗ ಒಡೆಯುತ್ತದೆ, ನೈಟ್ರೋಜನ್ ಒಡೆಯಲು ಸುಮಾರು 7,000 ಡಿಗ್ರಿ ಬೇಕು. ಇನ್ನೂ ಕಾಯಿಸಿದರೆ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಳ್ಳುತ್ತವೆ. ವಾತಾವರಣದ ಒತ್ತಡದಲ್ಲಿ 10,000 ಡಿಗ್ರಿಗೆ ನೂರರಲ್ಲಿ ಕೆಲವು ಪರಮಾಣುಗಳಷ್ಟೇ ಹೀಗಾಗಿರುತ್ತವೆ, 15,000ದ ಹೊತ್ತಿಗೆ ಹತ್ತಿರ ಹತ್ತಿರ ಅರ್ಧ. ಯಾವ ಉಷ್ಣತೆಗೆ, ಯಾವ ಒತ್ತಡಕ್ಕೆ ಎಷ್ಟು ಅಯಾನೀಕರಣ (ಹೀಗೆ ಎಲೆಕ್ಟ್ರಾನು ಕಳಚುವುದು) ಎಂದು ಲೆಕ್ಕ ಹಾಕುವ ಸಮೀಕರಣವನ್ನು 1920ರಲ್ಲಿ ಕೊಟ್ಟವರು ನಮ್ಮವರೇ ಆದ ಭೌತವಿಜ್ಞಾನಿ ಮೇಘನಾದ ಸಹಾ. ಇಂಥ ಅನಿಲಕ್ಕೆ ಪ್ಲಾಸ್ಮಾ ಎಂದು ಹೆಸರಿಟ್ಟದ್ದು ಅಮೆರಿಕದ ವಿಜ್ಞಾನಿ ಇರ್ವಿಂಗ್ ಲ್ಯಾಂಗ್‌ಮ್ಯೂರ್, 1928ರಲ್ಲಿ.

‘ನಾಲ್ಕನೇ ಸ್ಥಿತಿ’ ಎಂಬ ಮಾತು ಕಲಿಸುವವರಿಗೆ ಅನುಕೂಲ, ಕಲಿಯುವವರಿಗೆ ಸ್ವಲ್ಪ ಮೋಸ. ನೀರು 100 ಡಿಗ್ರಿಗೆ ಕುದಿಯುವಂತೆ ಗಾಳಿ ಇಂಥದ್ದೇ ಡಿಗ್ರಿಗೆ ಪ್ಲಾಸ್ಮಾ ಆಗುತ್ತದೆ ಎಂದೇನಿಲ್ಲ. ಆ ಬದಲಾವಣೆ ಮೆಲ್ಲಗೆ ಏರುತ್ತ ಹೋಗುತ್ತದೆ. ಹಾಗೆಯೇ ಪ್ಲಾಸ್ಮಾ ಎಂದರೆ ಸುಡಲೇಬೇಕು ಎಂದೂ ಇಲ್ಲ. ಟ್ಯೂಬ್‌ಲೈಟಿನ ಒಳಗಿರುವುದೂ ಪ್ಲಾಸ್ಮಾನೇ. ಅಲ್ಲಿ ಎಲೆಕ್ಟ್ರಾನುಗಳ ಉಷ್ಣತೆ 10,000 ಡಿಗ್ರಿ ದಾಟಿರುತ್ತದೆ, ಆದರೆ ಒಳಗಿನ ಅನಿಲ ಬಹಳ ತೆಳು. ಎಲೆಕ್ಟ್ರಾನುಗಳು ಪರಮಾಣುಗಳಿಗೆ ಡಿಕ್ಕಿ ಹೊಡೆಯುವುದು ಅಪರೂಪ, ಶಾಖ ಹಂಚಿಕೆಯಾಗುವುದಿಲ್ಲ, ಕೊಳವೆಯನ್ನು ಬರಿಗೈಯಲ್ಲಿ ಮುಟ್ಟಬಹುದು. ನಿಮ್ಮ ಮಷಿನ್‌ನ ಟಾರ್ಚಿನಲ್ಲಿ, ಅಂದರೆ ಕೈಯಲ್ಲಿ ಹಿಡಿದು ಕತ್ತರಿಸುವ ಭಾಗದಲ್ಲಿ, ಒತ್ತಡ ಹೆಚ್ಚು, ಡಿಕ್ಕಿ ಲೆಕ್ಕವಿಲ್ಲದಷ್ಟು, ಎಲೆಕ್ಟ್ರಾನೂ ಪರಮಾಣುವೂ ಒಂದೇ ಉಷ್ಣತೆಗೆ ಬರುತ್ತವೆ. ಅದಕ್ಕೇ ಅದು ಕಬ್ಬಿಣವನ್ನು ಕೊರೆಯುತ್ತದೆ. ನಿಮ್ಮ ಮಗನಿಗೆ ಈ ಎರಡನ್ನು ಅಕ್ಕಪಕ್ಕ ಇಟ್ಟು ತೋರಿಸಿ. ಪುಸ್ತಕದ ಒಂದು ಪಾಠಕ್ಕಿಂತ ಹೆಚ್ಚು ತಿಳಿಯುತ್ತದೆ.

ಈಗ ಟಾರ್ಚ್ ಬಿಚ್ಚಿ, ಭಾಗಗಳನ್ನು ಸಾಲಾಗಿ ಇಡಿ. ಬಿಚ್ಚುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಪ್ಲಾಸ್ಮಾ ಮಷಿನ್‌ನ ಖಾಲಿ ವೋಲ್ಟೇಜ್, ಅಂದರೆ ಕತ್ತರಿಸದೆ ಇರುವಾಗಿನದು, 250ರಿಂದ 300 ಇರುತ್ತದೆ. ಆರ್ಕ್ ವೆಲ್ಡಿಂಗ್ ಮಷಿನ್‌ನ 70–80 ವೋಲ್ಟ್ ರೂಢಿಯಲ್ಲಿ ಇದನ್ನು ಮುಟ್ಟಿದರೆ, ಅದೂ ಹಸಿ ನೆಲದ ಮೇಲೆ ನಿಂತು, ಜೀವಕ್ಕೇ ಅಪಾಯ. ಒಳಗೆ ತಾಮ್ರದ ಎಲೆಕ್ಟ್ರೋಡ್ ಇದೆ. ಅದರ ತುದಿಯ ನಡುವೆ ಸಾಸಿವೆ ಗಾತ್ರದ ಬೂದುಬಣ್ಣದ ಚುಕ್ಕೆ ಕಾಣುತ್ತದಲ್ಲ, ಅದು ಹ್ಯಾಫ್ನಿಯಮ್ ಲೋಹ. ಎಲೆಕ್ಟ್ರೋಡಿನ ಸುತ್ತ ಓರೆ ತೂತುಗಳಿರುವ ಒಂದು ಉಂಗುರ, ಅಂದರೆ ಸ್ವರ್ಲ್ ರಿಂಗ್. ಅದರ ಮುಂದೆ ಟಿಪ್. 60 ಆಂಪಿಯರ್‌ನ ಟಿಪ್ಪಿನ ತೂತು ಸುಮಾರು 1.3 ಮಿ.ಮೀ. ಮನೆಯ ವೈರಿಂಗಿನಲ್ಲಿ 2.5 ಚದರ ಮಿ.ಮೀ. ತಾಮ್ರಕ್ಕೆ 20 ಆಂಪಿಯರ್ ಆಸುಪಾಸಿಗೇ ಮಿತಿ ಹಾಕುತ್ತೇವೆ. ಇಲ್ಲಿ ಅದರ ಅರ್ಧದಷ್ಟು ಕ್ಷೇತ್ರಫಲದ ದಾರಿಯಲ್ಲಿ, ಬರೀ ಗಾಳಿಯೊಳಗೆ, 60 ಆಂಪಿಯರ್ ನುಗ್ಗುತ್ತದೆ.

ತಾಮ್ರ ಕರಗುವುದು 1,085 ಡಿಗ್ರಿಗೆ. ಆದರೂ ಟಿಪ್ ಉಳಿಯುವುದು ಆ ಉಂಗುರದ ಓರೆ ತೂತುಗಳಿಂದ. ಗಾಳಿ ಅದರೊಳಗಿಂದ ಗಿರಗಿರ ತಿರುಗುತ್ತ ಬರುತ್ತದೆ. ತಿರುಗುವಾಗ ತಣ್ಣಗಿನ, ಭಾರವಾದ ಗಾಳಿ ಹೊರಗೋಡೆಗೆ ಅಂಟಿಕೊಳ್ಳುತ್ತದೆ. ಕಾದ, ಹಗುರವಾದ ಗಾಳಿ ನಡುವೆ ಉಳಿಯುತ್ತದೆ. ವಿದ್ಯುತ್ತು ಹರಿಯುವುದು ನಡುವಿನ ಕಾದ ಭಾಗದಲ್ಲಿ ಮಾತ್ರ, ಯಾಕೆಂದರೆ ಗೋಡೆಯ ಬಳಿಯ ತಣ್ಣನೆ ಗಾಳಿ ಇನ್ನೂ ಪ್ಲಾಸ್ಮಾ ಆಗಿಲ್ಲ, ಅದು ನಿರೋಧಕ. ಹಾಗಾಗಿ 20 ಸಾವಿರ ಡಿಗ್ರಿಯ ಪ್ಲಾಸ್ಮಾ ಕಂಬಕ್ಕೂ (ಇದೇ ಆರ್ಕ್) ತಾಮ್ರಕ್ಕೂ ನಡುವೆ ಕೂದಲಿನಷ್ಟು ತೆಳುವಾದ ತಣ್ಣನೆ ಗಾಳಿಯ ಪದರವೊಂದು ಕಾವಲಿರುತ್ತದೆ. ಟಿಪ್ಪಿನ ಆಯುಷ್ಯ ಎಂದರೆ ಆ ಪದರದ ಆಯುಷ್ಯ.

ಪದರ ಒಂದು ಕ್ಷಣ ಹರಿದರೂ ಸಾಕು. ಕರೆಂಟು ನೇರವಾಗಿ ಪ್ಲೇಟಿಗೆ ಹೋಗುವ ಬದಲು ಎಲೆಕ್ಟ್ರೋಡಿನಿಂದ ಟಿಪ್ಪಿನ ಗೋಡೆಗೆ, ಅಲ್ಲಿಂದ ಪ್ಲೇಟಿಗೆ ಹಾರುತ್ತದೆ. ಇದಕ್ಕೆ ಡಬಲ್ ಆರ್ಕ್ ಅನ್ನುತ್ತಾರೆ. ಅಷ್ಟರಲ್ಲಿ ತೂತಿನ ಒಂದು ಅಂಚು ಕರಗಿ ಕಚ್ಚು ಬಿದ್ದಿರುತ್ತದೆ. ಕಚ್ಚು ಬಿದ್ದ ತೂತಿನಿಂದ ಗಾಳಿ ಸಮನಾಗಿ ತಿರುಗಿ ಬರುವುದಿಲ್ಲ, ಪದರ ಮತ್ತೆ ಹರಿಯುತ್ತದೆ, ಕಚ್ಚು ದೊಡ್ಡದಾಗುತ್ತದೆ. ಕಟಿಂಗ್ ಓರೆಯಾಗುತ್ತಿರುವುದಕ್ಕೂ ಕಾರಣ ಇದೇ. ತೂತು ದುಂಡಗಿಲ್ಲದಿದ್ದರೆ ಕಂಬವೂ ನೆಟ್ಟಗೆ ಬರುವುದಿಲ್ಲ.

ನೀರು ಈ ಪದರವನ್ನು ಎರಡು ಬಗೆಯಲ್ಲಿ ಕೆಡಿಸುತ್ತದೆ. ಹನಿಯಾಗಿ ಬಂದರೆ ಟಾರ್ಚಿನೊಳಗೆ ಫಕ್ಕನೆ ಆವಿಯಾಗುತ್ತದೆ. ವಾತಾವರಣದ ಒತ್ತಡದಲ್ಲಿ 1 ಗ್ರಾಂ ನೀರು ಸುಮಾರು 1.7 ಲೀಟರ್ ಆವಿಯಾಗುತ್ತದೆ, ಟಾರ್ಚಿನೊಳಗಿನ ಕೋಣೆಯೋ ಬೆರಳ ತುದಿಯಷ್ಟು. ಆ ಹೊಡೆತಕ್ಕೆ ತಿರುಗುವ ಗಾಳಿಯ ಸುಳಿ ಚದುರುತ್ತದೆ. ಆವಿಯಾಗಿಯೇ ಬಂದರೆ ಆರ್ಕಿನಲ್ಲಿ ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯುತ್ತದೆ. ಹೈಡ್ರೋಜನ್ ಶಾಖವನ್ನು ಗಾಳಿಗಿಂತ ಎಷ್ಟೋ ಚೆನ್ನಾಗಿ ಗೋಡೆಗೆ ಸಾಗಿಸುತ್ತದೆ. ಜೊತೆಗೆ ಎಲೆಕ್ಟ್ರೋಡಿನ ಹ್ಯಾಫ್ನಿಯಮ್ ಬೇಗ ಸವೆಯುತ್ತದೆ.

ಈಗ ನಿಮ್ಮ ಶೆಡ್ಡಿನ ಲೆಕ್ಕಕ್ಕೆ ಬರೋಣ. ಇಂಥ 60 ಆಂಪಿಯರ್ ಟಾರ್ಚಿಗೆ ನಿಮಿಷಕ್ಕೆ ಸುಮಾರು 200 ಲೀಟರ್ ಗಾಳಿ ಬೇಕು. ಎಡೆಬಿಡದೆ ಓಡಿದರೆ ಗಂಟೆಗೆ 12 ಘನ ಮೀಟರ್. ಜುಲೈನಲ್ಲಿ 26 ಡಿಗ್ರಿ, 85 ಶೇಕಡಾ ತೇವ ಎಂದಿಟ್ಟುಕೊಳ್ಳಿ. ಒಂದು ಘನ ಮೀಟರ್ ಗಾಳಿಯಲ್ಲಿ 21 ಗ್ರಾಂ ನೀರಿನ ಆವಿ ಇರುತ್ತದೆ. ಅಂದರೆ ನಿಮ್ಮ ಕಂಪ್ರೆಸರ್ ಗಂಟೆಗೆ 250 ಗ್ರಾಂ ನೀರು ನುಂಗುತ್ತದೆ. ಗಾಳಿಯನ್ನು 7 ಬಾರ್‌ಗೆ (ಇದು ಮೀಟರ್ ತೋರಿಸುವ ಒತ್ತಡ, ವಾತಾವರಣದ 1 ಬಾರ್ ಇದರ ಮೇಲೆ ಬೇರೆ) ಒತ್ತಿದಾಗ ಅದರ ಗಾತ್ರ ಎಂಟನೇ ಒಂದು ಭಾಗವಾಗುತ್ತದೆ. ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಆವಿ ಹಿಡಿಯುವುದಿಲ್ಲ. ಅದು ಮತ್ತೆ 26 ಡಿಗ್ರಿಗೆ ತಣಿದರೆ ಆವಿಯಾಗಿ ಉಳಿಯುವುದು 37 ಗ್ರಾಂ ಮಾತ್ರ, ಮಿಕ್ಕ 210 ಗ್ರಾಂಗೂ ಹೆಚ್ಚು ನೀರಾಗಿ ಎಲ್ಲೋ ಒಂದು ಕಡೆ ಇಳಿಯಲೇಬೇಕು. ಮಾರ್ಚ್ ಮಧ್ಯಾಹ್ನದ 36 ಡಿಗ್ರಿ, 20 ಶೇಕಡಾ ತೇವಕ್ಕೆ ಇದೇ ಲೆಕ್ಕ ಹಾಕಿದರೆ ಇಳಿಯುವ ನೀರು 40 ಗ್ರಾಂ. ಐದು ಪಟ್ಟು ವ್ಯತ್ಯಾಸ. ಬೋರ್ಡು ಕೆಟ್ಟಿದ್ದರೆ ಅದಕ್ಕೆ ಮಾರ್ಚ್ ಯಾವುದು, ಜುಲೈ ಯಾವುದು ಎಂದು ಗೊತ್ತಾಗುತ್ತಿರಲಿಲ್ಲ.

ಎಡವಟ್ಟು ಆಗಿರುವುದು ಆ ನೀರು ಇಳಿಯುವ ಜಾಗದಲ್ಲಿ. ಕಂಪ್ರೆಸರಿನಿಂದ ಹೊರಬರುವ ಗಾಳಿ ಬಿಸಿ. ಟ್ಯಾಂಕ್ 40 ಡಿಗ್ರಿಯಲ್ಲಿದ್ದರೆ 170 ಗ್ರಾಂ ನೀರು ಟ್ಯಾಂಕಿನಲ್ಲೇ ಇಳಿಯುತ್ತದೆ, 40 ಗ್ರಾಂ ಮುಂದಿನ ಪೈಪಿನಲ್ಲಿ ತಣಿಯುತ್ತ ಇಳಿಯುತ್ತದೆ. ಆದರೆ 3 ಎಚ್‌ಪಿ ಕಂಪ್ರೆಸರಿಗೆ 200 ಲೀಟರ್ ಎಂದರೆ ಉಸಿರು ಕಟ್ಟುವ ಕೆಲಸ. ನೇಮ್‌ಪ್ಲೇಟಿನಲ್ಲಿ 300 ಲೀಟರ್ ಎಂದು ಬರೆದಿದ್ದರೂ ಅದು ಪಿಸ್ಟನ್ ಗುಡಿಸುವ ಗಾತ್ರದ ಲೆಕ್ಕ. ಕೈಗೆ ಸಿಗುವುದು ಅದರ ಮೂರರಲ್ಲಿ ಎರಡು ಪಾಲು. ಹಾಗಾಗಿ ಅದು ನಿಲ್ಲದೆ ಓಡುತ್ತದೆ, ಟ್ಯಾಂಕು ಕಾದು 55 ಡಿಗ್ರಿ ಮುಟ್ಟುತ್ತದೆ. ಆಗ ಟ್ಯಾಂಕಿನಲ್ಲಿ ಇಳಿಯುವುದು 95 ಗ್ರಾಂ, ಪೈಪಿನಲ್ಲಿ ಇಳಿಯುವುದು ಸುಮಾರು 120. ನಿಮ್ಮ ಗಾಜಿನ ಬಟ್ಟಲು ಹನಿಯನ್ನು ಮಾತ್ರ ಹಿಡಿಯುತ್ತದೆ, ಆವಿಯನ್ನು ಹಿಡಿಯುವುದಿಲ್ಲ. ಅದನ್ನು ನೀವು ಕಂಪ್ರೆಸರಿನ ಬಾಯಿಗೆ, ಗಾಳಿ ಇನ್ನೂ ಬಿಸಿಯಿರುವ ಕಡೆ ಕೂಡಿಸಿದ್ದೀರಿ. ಬಟ್ಟಲು ಒಣಗಿದಂತೆ ಕಾಣುತ್ತದೆ, ಮುಂದಿನ 20 ಮೀಟರಿನಲ್ಲಿ ನೀರಾಗುತ್ತದೆ, ಆ ನೀರನ್ನು ತಡೆಯಲು ಟಾರ್ಚಿನವರೆಗೆ ಏನೂ ಇಲ್ಲ.

ಖಾತ್ರಿ ಮಾಡಿಕೊಳ್ಳುವುದು ಸುಲಭ. ಮಷಿನ್‌ನಲ್ಲಿ ಗಾಳಿ ಪರೀಕ್ಷೆಯ ಸ್ವಿಚ್ ಇರುತ್ತದೆ, ಆರ್ಕ್ ಇಲ್ಲದೆ ಗಾಳಿ ಮಾತ್ರ ಬಿಡುವಂಥದ್ದು. ಅರ್ಧ ಗಂಟೆ ಕೆಲಸ ಮಾಡಿದ ಮೇಲೆ ಆ ಸ್ವಿಚ್ ಹಾಕಿ, ಟಾರ್ಚಿನ ಮುಂದೆ ವೆಲ್ಡಿಂಗ್ ಗಾಜು ಹಿಡಿಯಿರಿ. ಗಾಜು ಮಬ್ಬಾದರೆ ನೀರಿದೆ. ಎಣ್ಣೆಯ ಜಿಡ್ಡು ಕೂತರೆ ಕಂಪ್ರೆಸರಿನ ರಿಂಗ್ ಸವೆದಿದೆ. ಟ್ರಿಗರ್ ಒತ್ತಿ ಈ ಪರೀಕ್ಷೆ ಮಾಡಬೇಡಿ. ಇನ್ನೂ ಸಂಶಯ ಉಳಿದರೆ ಒಂದು ನೈಟ್ರೋಜನ್ ಸಿಲಿಂಡರ್ ತಂದು ರೆಗ್ಯುಲೇಟರ್ ಹಾಕಿ ಮಷಿನ್‌ಗೆ ಕೊಡಿ. ದೊಡ್ಡ ಸಿಲಿಂಡರಿನಲ್ಲಿ 7 ಘನ ಮೀಟರ್ ಇರುತ್ತದೆ, ಅರ್ಧ ಗಂಟೆಯ ಕಟಿಂಗಿಗೆ ಸಾಕು. ಬಾಗಿಲು ತೆರೆದಿಟ್ಟು ಮಾಡಿ, ನೈಟ್ರೋಜನ್ ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟಿಸುತ್ತದೆ. ಹೊಸ ಟಿಪ್ ಹಾಕಿ ಅರ್ಧ ಗಂಟೆ ಕತ್ತರಿಸಿದ ಮೇಲೆ ತೂತು ದುಂಡಗೇ ಇದ್ದರೆ ಬೋರ್ಡು ನಿರಪರಾಧಿ. ನೈಟ್ರೋಜನ್ ಬದಲು ಆಕ್ಸಿಜನ್ ಸಿಲಿಂಡರ್ ಅಂತೂ ಬೇಡವೇ ಬೇಡ. ಪೈಪಿನೊಳಗೆ ಕಂಪ್ರೆಸರ್ ಎಣ್ಣೆಯ ಪಸೆ ಇರುತ್ತದೆ, ಆಕ್ಸಿಜನ್ ತಾಗಿದರೆ ಹೊತ್ತಿಕೊಳ್ಳುತ್ತದೆ.

ಸರಿಪಡಿಸುವ ಕೆಲಸದಲ್ಲಿ ಮೊದಲನೆಯದಕ್ಕೆ ಖರ್ಚೇ ಇಲ್ಲ. ಟ್ಯಾಂಕಿನ ಕೆಳಗಿನ ಕಾಕ್ ತೆಗೆದು ಮಳೆಗಾಲದಲ್ಲಿ ಎರಡು ಗಂಟೆಗೊಮ್ಮೆ ನೀರು ಬಿಡಿ. ದಿನಕ್ಕೊಮ್ಮೆ ಬಿಟ್ಟರೆ ಸಾಲದು, ಮೇಲಿನ ಲೆಕ್ಕದಲ್ಲಿ ಒಂದೇ ದಿನಕ್ಕೆ ಮುಕ್ಕಾಲು ಲೀಟರ್ ಕೂಡುತ್ತದೆ. ಎರಡನೆಯದು, ಫಿಲ್ಟರನ್ನು ಕಂಪ್ರೆಸರಿನ ಬಾಯಿಂದ ಬಿಚ್ಚಿ ಮಷಿನ್ ಪಕ್ಕಕ್ಕೆ ತನ್ನಿ. ನಡುವಿನ ರಬ್ಬರ್ ಪೈಪಿನ ಬದಲು ಗೋಡೆಗುಂಟ 10–15 ಮೀಟರ್ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಎಳೆಯಿರಿ. ಲೋಹದ ಗೋಡೆಯಲ್ಲಿ ಗಾಳಿ ಬೇಗ ತಣಿಯುತ್ತದೆ. ಪ್ರತಿ ಮೀಟರಿಗೆ 1 ಸೆಂ.ಮೀ. ಇಳಿಜಾರು ಕೊಟ್ಟು, ತಗ್ಗಿನ ತುದಿಯಲ್ಲಿ ಒಂದು ಅಡಿ ಪೈಪ್ ಕೆಳಕ್ಕೆ ಇಳಿಬಿಟ್ಟು ಕಾಕ್ ಹಾಕಿ. ಮಷಿನ್‌ಗೆ ಹೋಗುವ ಕವಲನ್ನು ಪೈಪಿನ ನೆತ್ತಿಯಿಂದ ಎತ್ತಿಕೊಳ್ಳಿ, ಕೆಳಗಿನಿಂದ ಎತ್ತಿದರೆ ನೀರು ಅದರಲ್ಲೇ ಇಳಿಯುತ್ತದೆ. ಅಗ್ಗ ಎಂದು ನೀರಿನ ಪಿವಿಸಿ ಪೈಪ್ ಹಾಕುವವರಿದ್ದಾರೆ. ಒತ್ತಿದ ಗಾಳಿಗೆ ಅದು ಒಡೆದರೆ ಚೂರುಗಳು ಗುಂಡಿನಂತೆ ಹಾರುತ್ತವೆ.

ಇಷ್ಟಾದರೆ ಹನಿ ನಿಲ್ಲುತ್ತದೆ, ಆವಿ ನಿಲ್ಲುವುದಿಲ್ಲ. ಅದಕ್ಕೆ ಸಿಲಿಕಾ ಜೆಲ್ ಡಬ್ಬಿ ಸಾಕೇ ಎಂದು ಬಹಳ ಮಂದಿ ಕೇಳುತ್ತಾರೆ. ಜೆಲ್ ತನ್ನ ತೂಕದ ಕಾಲು ಭಾಗ ನೀರು ಹೀರುತ್ತದೆ ಎಂದಿಟ್ಟುಕೊಂಡರೂ, ಗಾಳಿ ತಣಿಯುವ ಮೊದಲೇ ಡಬ್ಬಿ ಇಟ್ಟರೆ, 40 ಡಿಗ್ರಿಯ ಟ್ಯಾಂಕಿನಿಂದ ಬರುವ ಗಂಟೆಗೆ 77 ಗ್ರಾಂ ಆವಿಗೆ ಒಂದು ಕಿಲೋ ಜೆಲ್ ಮೂರು ತಾಸಿನಲ್ಲಿ ಮುಗಿಯುತ್ತದೆ. ಪೈಪಿನಲ್ಲಿ ತಣಿಸಿ, ಫಿಲ್ಟರ್ ದಾಟಿಸಿ ಆಮೇಲೆ ಇಟ್ಟರೆ ಆರು ತಾಸು. ಬಣ್ಣ ಬದಲಾದ ಜೆಲ್ಲನ್ನು 120 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ಬಳಸಬಹುದು. ದಿನಕ್ಕೆ ಒಂದೆರಡು ತಾಸು ಕಟಿಂಗ್ ಇರುವವರಿಗೆ ಇದು ಸರಿ. ದಿನವಿಡೀ ಕತ್ತರಿಸುವವರು ರೆಫ್ರಿಜರೇಟೆಡ್ ಡ್ರೈಯರ್ ಕೊಳ್ಳುವುದೇ ಲೇಸು. ಅದು ಗಾಳಿಯನ್ನು 3 ಡಿಗ್ರಿಗೆ ತಣಿಸಿ ನೀರು ಹಿಂಡುತ್ತದೆ, ಗಂಟೆಗೆ ಉಳಿಯುವುದು 9 ಗ್ರಾಂ, ಅದೂ ಆವಿಯಾಗಿ. ಟಿಪ್ಪಿಗೆ ದಿನಾ ಹೋಗುತ್ತಿರುವ ದುಡ್ಡನ್ನು ಒಂದು ಮಳೆಗಾಲಕ್ಕೆ ಗುಣಿಸಿ ನೋಡಿ, ನಿರ್ಧಾರ ನಿಮಗೇ ತಿಳಿಯುತ್ತದೆ.

ಒತ್ತಡದ ಬಗ್ಗೆಯೂ ಒಂದು ಮಾತು. ಮೀಟರಿನಲ್ಲಿ 6 ಬಾರ್ ತೋರಿಸುತ್ತದೆ ಎಂದು ಸುಮ್ಮನಿರಬೇಡಿ. ಗಾಳಿ ಹರಿಯುತ್ತಿರುವಾಗ ನೋಡಿ. ಪೈಪಿನ ಒಳ ಅಗಲ 6 ಮಿ.ಮೀ. ಇದ್ದರೆ ಹರಿಯುವಾಗ 3.5ಕ್ಕೂ ಇಳಿಯಬಹುದು, ಆಗ ತಣ್ಣನೆ ಪದರ ತೆಳುವಾಗಿ ಒಣ ಗಾಳಿಯಲ್ಲೂ ಟಿಪ್ ಹೋಗುತ್ತದೆ. 10 ಮಿ.ಮೀ. ಒಳ ಅಗಲದ ಪೈಪ್ ಹಾಕಿ. ಹರಿಯುವಾಗ 4.5ರಿಂದ 5 ಬಾರ್ ಸಾಮಾನ್ಯವಾಗಿ ಸರಿ, ನಿಮ್ಮ ಮಷಿನ್ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಜಾಸ್ತಿ ಕೊಟ್ಟರೆ ಒಳ್ಳೆಯದು ಎಂದು ತಿರುವಿದರೆ ಆರ್ಕ್ ಹತ್ತುವುದೇ ಕಷ್ಟವಾಗುತ್ತದೆ.

ಬಿಸಾಡುವ ಮೊದಲು ಹಳೆ ಟಿಪ್ಪನ್ನೂ ಎಲೆಕ್ಟ್ರೋಡನ್ನೂ ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಮಾಡಿಕೊಳ್ಳಿ. ಟಿಪ್ಪಿನ ಒಳಗಡೆ ಕಪ್ಪು ಗೀರು, ಚುಕ್ಕೆ ಇದ್ದರೆ ನೀರು ಅಥವಾ ಎಣ್ಣೆ. ಹೊರಮುಖದಲ್ಲಿ ಕಬ್ಬಿಣದ ಕಿಟ್ಟ ಅಂಟಿದ್ದರೆ ತೂತು ಕೊರೆಯುವಾಗ ಟಾರ್ಚ್ ತೀರ ಹತ್ತಿರ ಹಿಡಿದಿದ್ದೀರಿ. ಕತ್ತರಿಸುವ ಎತ್ತರದ ಒಂದೂವರೆ ಪಟ್ಟು ಮೇಲಿನಿಂದ, ಓರೆಯಾಗಿ ಶುರು ಮಾಡಿ, ಕಿಡಿ ಪಕ್ಕಕ್ಕೆ ಹಾರಲಿ, ಆಮೇಲೆ ನೆಟ್ಟಗೆ ಮಾಡಿ. ಎಲೆಕ್ಟ್ರೋಡಿನ ಚುಕ್ಕೆಯಲ್ಲಿ ಗುಳಿ 1.5 ಮಿ.ಮೀ. ಆಳವಾದರೆ ಬದಲಿಸಿ, ಇಲ್ಲದಿದ್ದರೆ ಅದು ಟಿಪ್ಪನ್ನೂ ಟಾರ್ಚಿನ ತಲೆಯನ್ನೂ ಸೇರಿಸಿ ತಿನ್ನುತ್ತದೆ. ಹ್ಯಾಫ್ನಿಯಮ್ ಏಕೆ, ಟಂಗ್‌ಸ್ಟನ್ ಏಕಲ್ಲ ಎಂದರೆ, 3,422 ಡಿಗ್ರಿಗೆ ಕರಗುವ ಟಂಗ್‌ಸ್ಟನ್ ಆಕ್ಸಿಜನ್ ಇರುವ ಕಡೆ ಉರಿದು ಹೋಗುತ್ತದೆ. ಹ್ಯಾಫ್ನಿಯಮ್ 2,233ಕ್ಕೇ ಕರಗಿದರೂ ಅದರ ಆಕ್ಸೈಡ್ ಹಾರಿಹೋಗದೆ ನಿಂತು ಎಲೆಕ್ಟ್ರಾನು ಬಿಡುತ್ತದೆ. ಆರ್ಕ್ ಉರಿಯುತ್ತಿರುವಾಗ ಆ ಚುಕ್ಕೆಯ ಮೇಲ್ಮೈ ದ್ರವವೇ. ಸುಳಿಯ ಒತ್ತಡದಿಂದ ಅಲ್ಲೇ ನಿಂತಿರುತ್ತದೆ. ಹಾಗಾಗಿ ಕಟಿಂಗ್ ಮುಗಿಸುವಾಗ ಪ್ಲೇಟಿನ ಅಂಚು ದಾಟಿ ಟಾರ್ಚ್ ಎಳೆದು ಆರ್ಕನ್ನು ಕಿತ್ತುಹಾಕಬೇಡಿ, ಅಂಚಿಗೆ ಬಂದಾಗ ಟ್ರಿಗರ್ ಬಿಡಿ. ಕಿತ್ತಾಗಲೆಲ್ಲ ಒಂದಷ್ಟು ಹ್ಯಾಫ್ನಿಯಮ್ ಸಿಡಿದು ಟಿಪ್ಪಿನೊಳಗೆ ಅಂಟುತ್ತದೆ. ಟ್ರಿಗರ್ ಬಿಟ್ಟ ಮೇಲೂ ಗಾಳಿ ಸ್ವಲ್ಪ ಹೊತ್ತು ಬರುತ್ತದಲ್ಲ, ಅದು ನಿಲ್ಲುವವರೆಗೆ ಮಷಿನ್ ಆಫ್ ಮಾಡಬೇಡಿ. ಹುಡುಗರು ಆರ್ಕ್ ಬಂತೇ ನೋಡೋಣ ಎಂದು ಗಾಳಿಯಲ್ಲಿ ಟ್ರಿಗರ್ ಒತ್ತಿ ಕಿಡಿ ಹಾರಿಸುವುದನ್ನೂ ನಿಲ್ಲಿಸಿ. ಆಗ ಆರ್ಕ್ ಪೂರ್ತಿ ಕೂರುವುದು ಟಿಪ್ಪಿನ ಮೇಲೆ.

ಓರೆ ಕಟಿಂಗ್ ವಿಷಯ. ಹೊಸ ಟಿಪ್ ಹಾಕಿದ ಮೇಲೂ ಒಂದು ಬದಿ ಸ್ವಲ್ಪ ಓರೆ ಇದ್ದೇ ಇರುತ್ತದೆ. ಗಾಳಿ ತಿರುಗುವುದು ಒಂದೇ ದಿಕ್ಕಿಗಾದ್ದರಿಂದ ಕಂಬದ ಒಂದು ಮಗ್ಗುಲು ಹೆಚ್ಚು ಶಾಖ ಇಳಿಸುತ್ತದೆ. ಸಾಮಾನ್ಯ ಟಾರ್ಚಿನಲ್ಲಿ ಟಾರ್ಚ್ ಸಾಗುವ ದಿಕ್ಕಿಗೆ ಬಲಬದಿ ನೆಟ್ಟಗೆ, ಎಡಬದಿ ಓರೆ. ಅದಕ್ಕೆ ಬೇಕಾದ ತುಂಡು ಬಲಕ್ಕೆ, ಬಿಸಾಡುವ ತುಂಡು ಎಡಕ್ಕೆ ಬರುವಂತೆ ನಡೆಯಿರಿ. ಹೊರ ಅಂಚನ್ನು ಗಡಿಯಾರದ ದಿಕ್ಕಿನಲ್ಲಿ, ಒಳ ತೂತನ್ನು ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ಸುತ್ತಿದರೆ ಹಾಗೇ ಆಗುತ್ತದೆ. ಕೆಳಗಂಚಿಗೆ ದಪ್ಪ, ಗುಳ್ಳೆಗುಳ್ಳೆಯಾದ ಕಿಟ್ಟ ಅಂಟಿ, ಸುತ್ತಿಗೆ ತಾಗಿದರೆ ಉದುರುತ್ತಿದ್ದರೆ ಕೈ ನಿಧಾನ. ತೆಳ್ಳಗೆ ಗಟ್ಟಿಯಾಗಿ ಕಚ್ಚಿಕೊಂಡು ಗ್ರೈಂಡರ್ ಕೇಳುತ್ತಿದ್ದರೆ ಕೈ ಅವಸರ.

ಕಣ್ಣಿಗೆ 60 ಆಂಪಿಯರ್‌ವರೆಗೆ 6ನೇ ನಂಬರಿನ ಗಾಜು ಕನಿಷ್ಠ, 8 ಇದ್ದರೆ ಒಳ್ಳೆಯದು. ಜಿಐ ಶೀಟ್ ಕತ್ತರಿಸಿದರೆ ಸತುವಿನ ಹೊಗೆ ಬರುತ್ತದೆ, ಸ್ಟೇನ್‌ಲೆಸ್‌ನಲ್ಲಿ ಕ್ರೋಮಿಯಂ ಹೊಗೆ ಇನ್ನೂ ಕೆಟ್ಟದ್ದು. ಮಳೆ ಎಂದು ಶೆಟರ್ ಎಳೆದುಕೊಂಡು ಈ ಕೆಲಸ ಮಾಡಬಾರದು. ಪ್ಲೇಟಿನ ಬಣ್ಣ, ತುಕ್ಕು ಉಜ್ಜಿ ಅರ್ಥ್ ಕ್ಲಾಂಪ್ ಕಚ್ಚಿಸಿ. ಕ್ಲಾಂಪ್ ಸಡಿಲಿದ್ದರೆ ಆರ್ಕ್ ಪ್ಲೇಟಿಗೆ ದಾಟದೆ ಟಿಪ್ಪಿನಲ್ಲೇ ಕುಣಿಯುತ್ತದೆ. ಗಾಳಿ ಒಣಗಿಸಿ, ಕ್ಲಾಂಪ್ ಸರಿಮಾಡಿ, ನೈಟ್ರೋಜನ್ ಪರೀಕ್ಷೆಯನ್ನೂ ಮಾಡಿದ ಮೇಲೆ ಟಿಪ್ ಹಾಗೇ ಹೋಗುತ್ತಿದ್ದರೆ, ಆಗ ಮೆಕ್ಯಾನಿಕ್‌ರನ್ನು ಕರೆಸಿ. ಬೋರ್ಡ್ ಬದಲಿಸುವ ಮೊದಲು ಕತ್ತರಿಸುವಾಗಿನ ಕರೆಂಟನ್ನು ಡಿಸಿ ಅಳೆಯುವ ಕ್ಲಾಂಪ್ ಮೀಟರಿನಲ್ಲಿ ಅಳೆದು ತೋರಿಸಲು ಹೇಳಿ. 60ಕ್ಕೆ ತಿರುವಿದಾಗ 60ರ ಆಸುಪಾಸು ಬರುತ್ತಿದ್ದರೆ ಆ ಬೋರ್ಡನ್ನು ಮುಟ್ಟಲು ಬಿಡಬೇಡಿ.